ಮನುಷ್ಯಬುದ್ಧಿಯ ಮಿತಿಯನ್ನು ಅರಿತು ಕಟ್ಟಿದವರು : ಎಡ್ಸ್‌ಗರ್ ಡೈಕ್‌ಸ್ಟ್ರಾ (1930–2002)

1957ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಒಂದು ವಿವಾಹ ನೋಂದಣಿಯಾಯಿತು. ಅಲ್ಲಿಯ ನಿಯಮದಂತೆ ವರನು ತನ್ನ ವೃತ್ತಿಯನ್ನು ತಿಳಿಸಬೇಕಾಗಿತ್ತು. ವರನಾದ ಯುವಕನು ತಾನು ಪ್ರೋಗ್ರಾಮರ್ ಎಂದು ಬರೆದುಕೊಟ್ಟನು. ಅಂಥದೊಂದು ವೃತ್ತಿಯೇ ಇಲ್ಲವೆಂದು ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. ಕೊನೆಗೆ ದಾಖಲೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿ ಎಂದು ಬರೆಯಲಾಯಿತು. ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ಕೆಲಸವನ್ನು ವಿಶ್ವವಿದ್ಯಾಲಯದಲ್ಲಿ ಕಲಿಯಬಹುದಾದ, ಕಲಿಸಬಹುದಾದ ಒಂದು ಶಾಸ್ತ್ರವನ್ನಾಗಿ ರೂಪಿಸಿದವರಲ್ಲಿ ಅಗ್ರಗಣ್ಯರಾದ ಎಡ್ಸ್‌ಗರ್ ವೀಬೆ ಡೈಕ್‌ಸ್ಟ್ರಾ ಅವರೇ ಆ ವರ.

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಡಚ್ ಗಣಕಶಾಸ್ತ್ರಜ್ಞನೊಬ್ಬನ ಜೀವನವೇಕೆ ಎಂಬ ಪ್ರಶ್ನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಏಳುವುದು ಸಹಜ. ನಮ್ಮ ಗಡಿನಾಡಿನ ಅನೇಕ ಮನೆಗಳ ಮಕ್ಕಳು ಇಂದು ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಭಾಷೆಯನ್ನು ಓದುವವರಿಗೂ ಆ ಲೋಕಕ್ಕೂ ಏನು ಸಂಬಂಧ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತಿಗೆ ಡೈಕ್‌ಸ್ಟ್ರಾ ಅವರ ಬದುಕಿನಲ್ಲಿಯೇ ಒಂದು ಉತ್ತರವಿದೆ. ಅದು ಅರ್ಥವಾಗಬೇಕಾದರೆ ಅವರು ಎದುರಿಸಿದ ಸಮಸ್ಯೆ ಎಂಥದು ಎಂಬುದನ್ನು ಮೊದಲು ತಿಳಿಯಬೇಕು.

ಡೈಕ್‌ಸ್ಟ್ರಾ ಅವರು 1930ರ ಮೇ 11ರಂದು ನೆದರ್‌ಲ್ಯಾಂಡ್ಸ್ ದೇಶದ ರಾಟರ್‌ಡ್ಯಾಮ್ ಬಂದರು ನಗರದಲ್ಲಿ ಜನಿಸಿದರು. ತಂದೆ ರಸಾಯನಶಾಸ್ತ್ರಜ್ಞರು, ಪ್ರೌಢಶಾಲೆಯಲ್ಲಿ ಅಧ್ಯಾಪಕರು. ತಾಯಿ ಗಣಿತವನ್ನು ಬಲ್ಲವರು. ಹೊರಗೆ ಉದ್ಯೋಗಕ್ಕೆ ಹೋಗದಿದ್ದರೂ ಮನೆಯಲ್ಲಿ ಅವರೇ ಮಗನ ಗಣಿತದ ಗುರು. ತ್ರಿಕೋನಮಿತಿ ಕಷ್ಟವೇ ಎಂದು ಮಗನು ಕೇಳಿದಾಗ, ಸೂತ್ರಗಳನ್ನು ಚೆನ್ನಾಗಿ ತಿಳಿದುಕೊಂಡರೆ ಸಾಕು, ಐದು ಸಾಲುಗಳಿಗಿಂತ ಹೆಚ್ಚು ಬರೆಯಬೇಕಾಗಿ ಬಂದರೆ ಹಿಡಿದ ದಾರಿಯೇ ತಪ್ಪು ಎಂಬ ಅರ್ಥದ ಸಲಹೆಯನ್ನು ತಾಯಿ ಕೊಟ್ಟರಂತೆ. ಪರಿಹಾರವು ಸರಿಯಾಗಿದ್ದರಷ್ಟೇ ಸಾಲದು, ಚಿಕ್ಕದಾಗಿ ಚೆಲುವಾಗಿಯೂ ಇರಬೇಕೆಂಬ ಹಟ ಅವರಿಗೆ ಬಂದದ್ದು ತಾಯಿಯಿಂದಲೇ.

ಶಾಲೆಯನ್ನು ಮುಗಿಸುವಾಗ ಕಾನೂನನ್ನು ಓದಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸಬೇಕೆಂಬ ಆಸೆ ಅವರಿಗಿತ್ತು. ವಿಜ್ಞಾನದಲ್ಲಿ ಬಂದ ಒಳ್ಳೆಯ ಅಂಕಗಳು ಅವರನ್ನು 1948ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಭೌತವಿಜ್ಞಾನದತ್ತ ಕೊಂಡೊಯ್ದವು. 1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆಯಲಿದ್ದ ಮೂರು ವಾರಗಳ ಪ್ರೋಗ್ರಾಮಿಂಗ್ ಶಿಬಿರವೊಂದರ ಜಾಹೀರಾತು ತಂದೆಯ ಕಣ್ಣಿಗೆ ಬಿತ್ತು. ಎಡ್‌ಸ್ಯಾಕ್ ಎಂಬ ಗಣಕಯಂತ್ರವನ್ನು ಕಟ್ಟಿದ ಮಾರಿಸ್ ವಿಲ್ಕ್ಸ್ ಅವರ ತಂಡದ ಶಿಬಿರವದು. ಭೌತವಿಜ್ಞಾನಕ್ಕೆ ಉಪಯೋಗವಾದೀತೆಂದು ಹೋದ ವಿದ್ಯಾರ್ಥಿ ಆ ಯಂತ್ರದ ಮೋಹಕ್ಕೆ ಸಿಲುಕಿ ಹಿಂದಿರುಗಿದರು. 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಅವರಿಗೆ ಕೆಲಸ ದೊರೆಯಿತು. ದೇಶದ ಮೊತ್ತಮೊದಲ ಪ್ರೋಗ್ರಾಮರ್ ಎನಿಸಿದ್ದು ಆಗ.

ಎರಡು ದೋಣಿಗಳ ಮೇಲೆ ಕಾಲಿಟ್ಟ ಸ್ಥಿತಿ ಮೂರು ವರ್ಷ ನಡೆಯಿತು. 1955ರಲ್ಲಿ ಅವರು ತಮ್ಮ ಹಿರಿಯರಾದ ಆಡ್ರಿಯಾನ್ ಫಾನ್ ವೈಂಗಾರ್ಡನ್ ಅವರ ಬಳಿಗೆ ಹೋಗಿ ತಮ್ಮ ಸಂಕಟವನ್ನು ತೋಡಿಕೊಂಡರು. ವೈದ್ಯನಿಗೆ, ಎಂಜಿನಿಯರನಿಗೆ ತನ್ನದೆಂದು ಹೇಳಿಕೊಳ್ಳುವ ಶಾಸ್ತ್ರವೊಂದಿದೆ; ಪ್ರೋಗ್ರಾಮಿಂಗಿಗೆ ಅಂಥ ಜ್ಞಾನಭಂಡಾರ ಎಲ್ಲಿದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಹಿರಿಯರು ಆ ಕೊರತೆಯನ್ನು ಅಲ್ಲಗಳೆಯಲಿಲ್ಲ. ಆದರೆ ಗಣಕಯಂತ್ರಗಳು ಬಂದು ನೆಲೆಸಿರುವವೆಂದೂ, ಈ ಕೆಲಸವನ್ನು ಗೌರವದ ಶಾಸ್ತ್ರವನ್ನಾಗಿ ಮಾಡುವವರಲ್ಲಿ ಆತನೇ ಏಕೆ ಒಬ್ಬನಾಗಬಾರದೆಂದೂ ಸೂಚಿಸಿದರು. ಡೈಕ್‌ಸ್ಟ್ರಾ ಅವರು ಲೈಡನ್ನಿನ ಅಧ್ಯಯನವನ್ನು ಬೇಗನೆ ಮುಗಿಸಿ, ಮಿಕ್ಕ ಆಯುಷ್ಯವನ್ನೆಲ್ಲ ಆ ಸೂಚನೆಗೆ ಒಪ್ಪಿಸಿದರು.

ಮುಂದಿನ ವರ್ಷ, 1956ರಲ್ಲಿ, ಭಾವೀ ಪತ್ನಿಯೊಡನೆ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರ ಹೊರಜಗಲಿಯಲ್ಲಿ ವಿಶ್ರಮಿಸುತ್ತಿದ್ದಾಗ, ಕಾಗದ ಪೆನ್ಸಿಲುಗಳ ನೆರವಿಲ್ಲದೆ ಇಪ್ಪತ್ತು ನಿಮಿಷಗಳಲ್ಲಿ ಅವರು ಒಂದು ಲೆಕ್ಕವನ್ನು ಬಿಡಿಸಿದರು. ಒಂದೂರಿನಿಂದ ಇನ್ನೊಂದೂರಿಗೆ ಅತಿ ಸಮೀಪದ ದಾರಿ ಯಾವುದು ಎಂಬುದು ಆ ಲೆಕ್ಕ. ಆರ್ಮ್ಯಾಕ್ ಎಂಬ ಹೊಸ ಯಂತ್ರದ ಪ್ರದರ್ಶನಕ್ಕೆ ಸಾಮಾನ್ಯರಿಗೂ ತಿಳಿಯುವ ಸಮಸ್ಯೆಯೊಂದು ಬೇಕಾಗಿತ್ತು. ನೆದರ್‌ಲ್ಯಾಂಡ್ಸ್‌ನ 64 ಊರುಗಳ ನಕಾಶೆಯ ಮೇಲೆ ಅದನ್ನು ತೋರಿಸಲಾಯಿತು. 1959ರಲ್ಲಿ ಪ್ರಕಟವಾದ ಆ ಕ್ರಮ ಇಂದು ಅವರ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿದೆ. ಗಣಕಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಅದನ್ನು ಕಲಿಯುತ್ತಾರೆ. ಅದೇ ವರ್ಷ ಅವರಿಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಯೂ ದೊರೆಯಿತು. 1960ರಲ್ಲಿ ಯಾಪ್ ಝಾನೆವೆಲ್ಡ್ ಎಂಬ ಸಹೋದ್ಯೋಗಿಯೊಡನೆ ಆಲ್ಗಾಲ್ 60 ಎಂಬ ಭಾಷೆಗೆ ಕಂಪೈಲರ್ ಬರೆದರು. ಕೆಲಸ ಮುಗಿಯುವವರೆಗೆ ಇಬ್ಬರೂ ಗಡ್ಡ ತೆಗೆಯಬಾರದೆಂದು ಒಪ್ಪಂದವಾಗಿತ್ತು. ಕೆಲಸ ಮುಗಿದ ಮೇಲೆ ಝಾನೆವೆಲ್ಡ್ ಗಡ್ಡವನ್ನು ತೆಗೆದರು. ಡೈಕ್‌ಸ್ಟ್ರಾ ಕೊನೆಯವರೆಗೂ ಉಳಿಸಿಕೊಂಡರು.

ಇವೆಲ್ಲ ಒಬ್ಬರೋ ಇಬ್ಬರೋ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಕೆಲಸಗಳು. ಯಂತ್ರಗಳು ಬಲಿಷ್ಠವಾದಂತೆ ಅವುಗಳಿಗೆ ಬರೆಯಬೇಕಾದ ತಂತ್ರಾಂಶವೂ ಬೆಳೆಯಿತು; ಯಾವೊಬ್ಬನ ತಲೆಯಲ್ಲಿಯೂ ಹಿಡಿಯದಷ್ಟು ದೊಡ್ಡದಾಯಿತು. ದೊಡ್ಡದೆಂದರೆ ಚಿಕ್ಕದರ ಹತ್ತು ಪಟ್ಟು ಶ್ರಮ ಎಂದಷ್ಟೇ ಅಲ್ಲ. ಒಂದು ವ್ಯವಸ್ಥೆಯ ಪ್ರತಿಯೊಂದು ಭಾಗವೂ ನೂರಕ್ಕೆ 99ರಷ್ಟು ನಂಬಿಕೆಗೆ ಅರ್ಹವಾಗಿದೆ ಎಂದಿಟ್ಟುಕೊಳ್ಳೋಣ. ಅಂಥ 100 ಭಾಗಗಳು ಸೇರಿದರೆ, ಇಡೀ ವ್ಯವಸ್ಥೆ ಸರಿಯಾಗಿರುವ ಸಂಭವ ನೂರಕ್ಕೆ ಸುಮಾರು 37 ಮಾತ್ರ. 500 ಭಾಗಗಳಾದರೆ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಭಾಗಗಳ ಸಂಖ್ಯೆ ಹೆಚ್ಚಾದಾಗ ಒಂದೊಂದು ಭಾಗವೂ ಬಹುಮಟ್ಟಿಗೆ ಸರಿ ಎಂಬ ಸಮಾಧಾನ ಸಾಲದು. ಪೂರ್ಣವಾಗಿ ಸರಿ ಎಂಬ ನಿಶ್ಚಯ ಬೇಕು. ಈ ತರ್ಕವನ್ನು ಡೈಕ್‌ಸ್ಟ್ರಾ ತಮ್ಮ ಬರಹದಲ್ಲಿ ಸ್ಪಷ್ಟವಾಗಿ ಮುಂದಿಟ್ಟರು.

ಹಾಗಾದರೆ ಮತ್ತೆ ಮತ್ತೆ ಪರೀಕ್ಷಿಸಿ ನೋಡಿದರಾಗದೆ? ಆಗದೆಂದು ಅವರು ಲೆಕ್ಕ ಹಾಕಿಯೇ ತೋರಿಸಿದರು. ಅವರ ಯಂತ್ರ 27 ಬಿಟ್ಟುಗಳ ಎರಡು ಸಂಖ್ಯೆಗಳನ್ನು ಗುಣಿಸಬಲ್ಲುದಾಗಿತ್ತು. ಆ ಒಂದೇ ಗುಣಾಕಾರದ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪರೀಕ್ಷಿಸಹೊರಟರೆ 10,000 ವರ್ಷಗಳಿಗೂ ಮಿಕ್ಕಿ ಬೇಕಾಗುತ್ತದೆ. ಪರೀಕ್ಷೆಯಿಂದ ದೋಷವಿದೆಯೆಂದು ಕಂಡುಕೊಳ್ಳಬಹುದೇ ಹೊರತು ದೋಷವಿಲ್ಲವೆಂದು ಸಾಧಿಸಲಾಗದು. ಆದ್ದರಿಂದ ಸರಿತನವನ್ನು ಕೊನೆಯಲ್ಲಿ ಪರೀಕ್ಷಿಸಿ ತುಂಬಲಾಗುವುದಿಲ್ಲ, ಕಟ್ಟುವಾಗಲೇ ಕಟ್ಟಬೇಕು.

ಹಾಗೆ ಕಟ್ಟಿ ತೋರಿಸುವ ಅವಕಾಶ ವಿಶ್ವವಿದ್ಯಾಲಯದಲ್ಲಿಯೇ ದೊರೆಯಿತು. 1962ರಲ್ಲಿ ಅವರು ಐಂಡ್‌ಹೋವನ್ ತಾಂತ್ರಿಕ ವಿದ್ಯಾಲಯದ ಗಣಿತ ವಿಭಾಗಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿಯ ಎಕ್ಸ್8 ಯಂತ್ರದಲ್ಲಿ ಹಲವರ ಕೆಲಸಗಳು ಏಕಕಾಲಕ್ಕೆ ನಡೆಯುವಂತೆ ಮಾಡುವ ಆಪರೇಟಿಂಗ್ ಸಿಸ್ಟಂ ಒಂದನ್ನು ರಚಿಸತೊಡಗಿದರು. ತಂಡದಲ್ಲಿ ಆರು ಮಂದಿ. ಅವರೂ ತಮ್ಮ ಸಮಯದ ಅರ್ಧವನ್ನಷ್ಟೇ ಕೊಡಬಲ್ಲವರು. ಅದೇ ದಶಕದಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ತನ್ನ ಓಎಸ್/360 ಎಂಬ ವ್ಯವಸ್ಥೆಗೆ ಸಾವಿರಕ್ಕೂ ಮಿಕ್ಕಿ ಜನರನ್ನು ತೊಡಗಿಸಿ, ವಿಳಂಬ ಮತ್ತು ದೋಷಗಳೊಡನೆ ಹೆಣಗುತ್ತಿತ್ತು.

ವಿದ್ಯಾಲಯದ ಡಚ್ ಹೆಸರಿನ ಮೊದಲಕ್ಷರಗಳಿಂದ ಟಿಎಚ್ಇ ಎಂದು ಹೆಸರಾದ ಆ ವ್ಯವಸ್ಥೆಯ ವಿಶೇಷವಿರುವುದು ಅದರ ಅಂತಸ್ತುಗಳಲ್ಲಿ. ಅತ್ಯಂತ ಕೆಳಗಿನ ಅಂತಸ್ತಿನದು ಯಂತ್ರದ ಸಮಯವನ್ನು ಕೆಲಸಗಳಿಗೆ ಹಂಚುವ ಹೊಣೆ. ಅದರ ಮೇಲಿನದು ನೆನಪಿನ ಕೋಶಗಳನ್ನು ನಿರ್ವಹಿಸುವುದು. ಅನಂತರದ್ದು ಯಂತ್ರವನ್ನು ನಡೆಸುವವನೊಡನೆ ಸಂವಾದ. ಅದರ ಮೇಲೆ ಮಾಹಿತಿ ಒಳಬರುವ ಹೊರಹೋಗುವ ವ್ಯವಹಾರ. ಅದಕ್ಕೂ ಮೇಲೆ ಬಳಸುವವರ ಪ್ರೋಗ್ರಾಂಗಳು. ಮೇಲಿನ ಅಂತಸ್ತು ಕೆಳಗಿನದರ ಸೇವೆಯನ್ನು ಪಡೆಯಬಹುದು. ಕೆಳಗಿನದಕ್ಕೆ ಮೇಲಿನದರ ಹಂಗಿಲ್ಲ. ಸಮಾಸವನ್ನು ಪಾಠ ಹೇಳುವ ಅಧ್ಯಾಪಕರು ಸಂಧಿಯನ್ನು ಮರಳಿ ಮೊದಲಿನಿಂದ ವಿವರಿಸುವುದಿಲ್ಲ. ಅದು ನಿರ್ಣಯವಾಗಿದೆ ಎಂಬ ಭರವಸೆಯ ಮೇಲೆ ಮುಂದುವರಿಯುತ್ತಾರೆ. ಹಾಗೆಯೇ ಇಲ್ಲಿಯೂ ಕೆಳಗಿನ ಅಂತಸ್ತನ್ನು ಪೂರ್ಣವಾಗಿ ಪರಿಶೀಲಿಸಿದ ಮೇಲೆಯೇ ಅದರ ಮೇಲಿನದನ್ನು ಕೂರಿಸಲಾಯಿತು. ಒಂದು ಹೊತ್ತಿಗೆ ಒಂದು ಅಂತಸ್ತನ್ನು ಮಾತ್ರ ಮನಸ್ಸು ಹಿಡಿದರೆ ಸಾಕಾಯಿತು.

ಏಕಕಾಲಕ್ಕೆ ನಡೆಯುವ ಕೆಲಸಗಳು ಒಂದಕ್ಕೊಂದು ಅಡ್ಡಬರದಂತೆ ತಡೆಯಲು ಅವರು ಸೆಮಫೋರ್ ಎಂಬ ಉಪಾಯವನ್ನು ಕಂಡುಹಿಡಿದಿದ್ದರು. ರೈಲುಹಾದಿಯ ಕೈಮರಕ್ಕಿರುವ ಹೆಸರದು. ಒಂಟಿ ಹಳಿಯ ಮೇಲೆ ಒಂದು ಗಾಡಿ ಇರುವಾಗ ಕೈಮರ ಇನ್ನೊಂದನ್ನು ನಿಲ್ಲಿಸುವಂತೆ, ಹಂಚಿಕೊಳ್ಳಲಾಗದ ವಸ್ತುವನ್ನು ಒಂದು ಕೆಲಸ ಬಳಸುತ್ತಿರುವಾಗ ಮತ್ತೊಂದನ್ನು ಅದು ಕಾಯಿಸುತ್ತದೆ. ಕೈಮರದ ಎರಡು ಕ್ರಿಯೆಗಳಿಗೆ ಅವರು ಪಿ ಮತ್ತು ವಿ ಎಂದು ಹೆಸರಿಟ್ಟರು. ವಿ ಎಂಬುದು ಏರಿಸು ಎಂಬರ್ಥದ ಡಚ್ ಪದದ ಮೊದಲಕ್ಷರ. ಪಿ ಎಂಬುದು ಇಳಿಸಲು ಯತ್ನಿಸು ಎಂಬರ್ಥ ಬರುವಂತೆ ಅದೇ ಭಾಷೆಯಲ್ಲಿ ಅವರೇ ಸೃಷ್ಟಿಸಿದ ಪದದ್ದು. ಇಂದಿಗೂ ಎಷ್ಟೋ ದೇಶಗಳ ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಆ ಎರಡು ಡಚ್ ಅಕ್ಷರಗಳನ್ನು ಓದುತ್ತಾರೆ.

ಈ ವ್ಯವಸ್ಥೆಯನ್ನು ಕುರಿತ ಲೇಖನ 1968ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಪರಿಶೀಲನೆಯ ಕಾಲದಲ್ಲಿ ಕಂಡುಬಂದ ದೋಷಗಳು ಬರವಣಿಗೆಯ ಸಣ್ಣ ತಪ್ಪುಗಳು ಮಾತ್ರ. ಸುಮಾರು 500 ಆದೇಶಗಳಿಗೆ ಒಂದು. ಪ್ರತಿಯೊಂದನ್ನೂ 10 ನಿಮಿಷಗಳೊಳಗೆ ಹುಡುಕಿ ತೆಗೆಯಲಾಯಿತೆಂದು ಅದರಲ್ಲಿ ವರದಿ ಮಾಡಲಾಗಿದೆ. ಅದೇ ವರ್ಷದ ಮಾರ್ಚಿಯಲ್ಲಿ ಗೋ ಟು ಎಂಬ ಆದೇಶವನ್ನು ಖಂಡಿಸುವ ಅವರ ಪುಟ್ಟ ಪತ್ರವೊಂದು ಪ್ರಕಟವಾಗಿ ದೊಡ್ಡ ವಿವಾದವನ್ನೆಬ್ಬಿಸಿತು. ಓದುತ್ತಿರುವ ಸಾಲಿನಿಂದ ಬೇರಾವುದೋ ಸಾಲಿಗೆ ಜಿಗಿ ಎಂದು ಹೇಳುವ ಆದೇಶವದು. ಜಿಗಿತಗಳು ಹೆಚ್ಚಿದ ಪ್ರೋಗ್ರಾಂ ಅನ್ವಯವೇ ಸಿಕ್ಕದ ಪದ್ಯದಂತಾಗುತ್ತದೆ. ಬರಹದ ಕ್ರಮಕ್ಕೂ ಯಂತ್ರದಲ್ಲಿ ನಡೆಯುವ ಕ್ರಿಯೆಯ ಕ್ರಮಕ್ಕೂ ಸಂಬಂಧ ಕಡಿದುಹೋಗುತ್ತದೆ. ಆ ಪತ್ರಕ್ಕೆ ಖ್ಯಾತವಾದ ತಲೆಬರಹವನ್ನು ಕೊಟ್ಟವರು ಅವರಲ್ಲ, ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್.

ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನ್ಯಾಟೋದ ಆಶ್ರಯದಲ್ಲಿ ಸುಮಾರು 50 ಮಂದಿ ತಜ್ಞರು ಸೇರಿದರು. ತಂತ್ರಾಂಶ ಎಂಜಿನಿಯರಿಂಗ್ ಎಂಬ ಹೆಸರು ವ್ಯಾಪಕವಾದದ್ದು ಆ ಸಮ್ಮೇಳನದಿಂದ. ದೊಡ್ಡ ವ್ಯವಸ್ಥೆಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತಿಲ್ಲ, ಮುಗಿದರೂ ನೆಚ್ಚುವಂತಿಲ್ಲ ಎಂಬುದನ್ನು ಉದ್ಯಮದವರೂ ಅಧ್ಯಾಪಕರೂ ಒಟ್ಟಿಗೆ ಒಪ್ಪಿಕೊಂಡದ್ದು ಅಲ್ಲಿಯೇ. ಡೈಕ್‌ಸ್ಟ್ರಾ ಅವರೂ ಅಲ್ಲಿದ್ದರು.

ಹೊರಗೆ ಕೀರ್ತಿ ಹಬ್ಬುತ್ತಿದ್ದರೂ ಮನೆಯಂಗಳದಲ್ಲಿ ಕತ್ತಲಿತ್ತು. ಆಪರೇಟಿಂಗ್ ಸಿಸ್ಟಂ ರಚನೆಯನ್ನು ಅವರ ವಿಭಾಗ ಗಣಿತವೆಂದು ಮನ್ನಿಸಲಿಲ್ಲ. ಅವರು ಕಟ್ಟಿದ ತಂಡ ಚದುರಿಹೋಯಿತು. ಮದುವೆಯ ದಿನ ನಗರದ ಅಧಿಕಾರಿಗಳು ಒಪ್ಪದ ವೃತ್ತಿಯನ್ನು ಈಗ ಸಹೋದ್ಯೋಗಿಗಳೇ ಒಪ್ಪಲಿಲ್ಲ. ಅವರು ತೀವ್ರವಾದ ಖಿನ್ನತೆಗೆ ಒಳಗಾದರು. ಅದರಿಂದ ಮೇಲೇಳುವ ದಾರಿಯಾಗಿ ಒದಗಿದ್ದು ಬರವಣಿಗೆ. 1969ರಲ್ಲಿ ಅವರು ರಚನಾಬದ್ಧ ಪ್ರೋಗ್ರಾಮಿಂಗ್ ಕುರಿತ ಟಿಪ್ಪಣಿಗಳನ್ನು ಬರೆದು, ಪ್ರತಿಗಳನ್ನು ಕೆಲವು ಮಿತ್ರರಿಗೆ ಕಳುಹಿಸಿದರು. ಆ ಪ್ರತಿಗಳು ಕೈಯಿಂದ ಕೈಗೆ ಹರಡಿದವು. 1972ರಲ್ಲಿ ಡಾಲ್ ಮತ್ತು ಹೋರ್ ಅವರ ಬರಹಗಳೊಡನೆ ಅದು ಪುಸ್ತಕವಾಯಿತು.

ಆ ಟಿಪ್ಪಣಿಗಳಲ್ಲಿರುವುದು ಬೃಹತ್ ವ್ಯವಸ್ಥೆಯೊಂದರ ಬೆಡಗಿನ ವರ್ಣನೆಯಲ್ಲ. ಮೊದಲ ಸಾವಿರ ಅವಿಭಾಜ್ಯ ಸಂಖ್ಯೆಗಳನ್ನು ಮುದ್ರಿಸುವಂಥ ಸಣ್ಣ ಉದಾಹರಣೆ. ಮೊದಲು ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಅನಂತರ ಅದನ್ನು ಎರಡು ಮೂರು ವಾಕ್ಯಗಳಾಗಿ ಒಡೆಯಬೇಕು. ಒಡೆದ ಪ್ರತಿಯೊಂದನ್ನೂ ಮತ್ತೆ ಒಡೆಯಬೇಕು. ಒಂದೊಂದು ಹೆಜ್ಜೆಯಲ್ಲಿಯೂ ಒಂದೇ ನಿರ್ಧಾರ. ಆ ನಿರ್ಧಾರ ಸರಿ ಎಂಬುದಕ್ಕೆ ಅಲ್ಲಿಯೇ ಕಾರಣ. ಒಂದಾದ ಮೇಲೊಂದು ಮಾಡುವುದು, ಹಲವುಗಳಲ್ಲಿ ಒಂದನ್ನು ಆರಿಸುವುದು, ಮತ್ತೆ ಮತ್ತೆ ಮಾಡುವುದು ಎಂಬ ಮೂರು ಬಗೆಯ ಜೋಡಣೆಗಳಷ್ಟೇ ಸಾಕು. ಮನುಷ್ಯನ ಬುದ್ಧಿ ಚಿಕ್ಕದು. ಆ ಚಿಕ್ಕತನವನ್ನು ಒಪ್ಪಿಕೊಂಡು ಅದಕ್ಕೆ ನಿಲುಕುವಂತೆ ಕಟ್ಟಿದರೆ ಮಾತ್ರ ದೊಡ್ಡದನ್ನು ಕಟ್ಟಬಹುದು. 1972ರಲ್ಲಿ ಗಣಕಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿ ಅವರು ಮಾಡಿದ ಉಪನ್ಯಾಸದ ಸಾರವೂ ಈ ವಿನಯವೇ.

1973ರಲ್ಲಿ ಅವರು ಬರೋಸ್ ಎಂಬ ಗಣಕ ಸಂಸ್ಥೆಯ ಸಂಶೋಧಕರಾದರು. ಸಂಸ್ಥೆ ಅಮೆರಿಕದ್ದು, ಕಚೇರಿ ಮಾತ್ರ ನ್ಯೂನೆನ್ ಎಂಬ ಹಳ್ಳಿಯ ತಮ್ಮ ಮನೆಯ ಓದುಕೋಣೆ. ವಾರಕ್ಕೊಮ್ಮೆ ಐಂಡ್‌ಹೋವನ್ನಿಗೆ ಹೋಗಿ ಮಂಗಳವಾರದ ಮಧ್ಯಾಹ್ನ ಕೆಲವರೊಡನೆ ಕುಳಿತು ಹೊಸ ಲೇಖನಗಳನ್ನು ಸಾಲುಸಾಲಾಗಿ ಓದಿ ವಿಮರ್ಶಿಸುತ್ತಿದ್ದರು. ತಮ್ಮ ವಿಚಾರಗಳನ್ನು ಶಾಯಿಪೆನ್ನಿನಲ್ಲಿ ದುಂಡಗೆ ಬರೆದು, ಹೆಸರಿನ ಮೊದಲಕ್ಷರಗಳಾದ ಇಡಬ್ಲ್ಯುಡಿ ಎಂಬ ಗುರುತಿನೊಡನೆ ಕ್ರಮಸಂಖ್ಯೆ ಕೊಟ್ಟು, ನಕಲುಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಪಡೆದವರು ಮತ್ತಷ್ಟು ನಕಲು ಮಾಡಿ ಹಂಚುತ್ತಿದ್ದರು. ಅಂಥ ಬರಹಗಳ ಸಂಖ್ಯೆ 1300ನ್ನು ಮೀರಿತು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಮುಖ್ಯವಾದ ಮಾತು ಇರುವುದು 1975ರ ಅಂಥದೊಂದು ಬರಹದಲ್ಲಿ. ಒಳ್ಳೆಯ ಪ್ರೋಗ್ರಾಮರನಿಗೆ ಗಣಿತದ ಒಲವಿನ ಜತೆಗೆ ಬೇಕಾದ ಅತಿಮುಖ್ಯ ಸಂಪತ್ತು ಮಾತೃಭಾಷೆಯ ಮೇಲಿನ ಅಸಾಧಾರಣ ಪ್ರಭುತ್ವ ಎಂದು ಅವರು ಅಲ್ಲಿ ಪ್ರತಿಪಾದಿಸಿದರು. ಇಂಗ್ಲಿಷಿನಲ್ಲಿ ಬಹುಸೊಗಸಾಗಿ ಬರೆಯುತ್ತಿದ್ದ ಡಚ್ ಭಾಷಿಕನೊಬ್ಬನ ಮಾತು ಇದು, ಭಾಷಾಭಿಮಾನದ ಉದ್ಗಾರವಲ್ಲ. ಅವರ ವಿಧಾನವನ್ನು ಬಲ್ಲವರಿಗೆ ಇದರ ಕಾರಣ ತಿಳಿಯುತ್ತದೆ. ಯಂತ್ರದ ಭಾಷೆಗೆ ಇಳಿಯುವ ಮುನ್ನ ಮಾಡಬೇಕಾದುದೇನು ಎಂಬುದನ್ನು ಒಂದು ವಾಕ್ಯದಲ್ಲಿ ಸಂದಿಗ್ಧವಿಲ್ಲದೆ ಹೇಳಬೇಕು. ಭಾಗವೊಂದಕ್ಕೆ ಇಡುವ ಹೆಸರು ಅದರ ಕೆಲಸವನ್ನು ಸರಿಯಾಗಿ ಸೂಚಿಸಬೇಕು. ಇದು ಸರಿ, ಏಕೆಂದರೆ ಎಂದು ಕಾರಣ ಕೊಡಬೇಕು. ಈ ಮೂರೂ ಭಾಷೆಯ ಕೆಲಸಗಳು. ಮನಸ್ಸಿನಲ್ಲಿ ಅಸ್ಪಷ್ಟತೆ ಉಳಿದಿದೆಯೇ ಎಂಬುದನ್ನು ಮೊದಲು ತೋರಿಸಿಕೊಡುವುದು ಚೆನ್ನಾಗಿ ಬಲ್ಲ ಭಾಷೆಯೇ.

1984ರಲ್ಲಿ ಅವರು ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಪೀಠವನ್ನು ವಹಿಸಿಕೊಂಡು, 1999ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿ ಪಾಠ ಹೇಳಿದರು. ತರಗತಿಯಲ್ಲಿ ಸೀಮೆಸುಣ್ಣ, ಕಪ್ಪುಹಲಗೆ ಇಷ್ಟೇ ಸಾಧನ. ಹಲಗೆಯ ಮುಂದೆ ನಿಂತು, ಅವಸರವಿಲ್ಲದೆ ಯೋಚಿಸುತ್ತ, ಯೋಚಿಸುವ ಬಗೆಯನ್ನೇ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು. ಪರೀಕ್ಷೆ ಮೌಖಿಕ, ಒಬ್ಬೊಬ್ಬ ವಿದ್ಯಾರ್ಥಿಯೊಡನೆಯೂ ದೀರ್ಘವಾದ ಸಂವಾದ. ಗಣಕಶಾಸ್ತ್ರದ ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರೋಗ್ರಾಂಗಳನ್ನು ಯಂತ್ರದಲ್ಲಿ ನಡೆಸಿ ನೋಡಲೇಬಾರದು, ಸರಿ ಎಂಬುದನ್ನು ಕಾಗದದ ಮೇಲೆ ಸಾಧಿಸಬೇಕು ಎಂದು 1988ರಲ್ಲಿ ಅವರು ಸೂಚಿಸಿದಾಗ ಅನೇಕ ವಿದ್ವಾಂಸರು ಅದನ್ನು ಬಲವಾಗಿ ವಿರೋಧಿಸಿದರು.

ವಿರೋಧದಲ್ಲಿಯೂ ತಥ್ಯವಿತ್ತು ಎಂಬುದನ್ನು ಒಪ್ಪಬೇಕು. ದೊಡ್ಡ ತಂತ್ರಾಂಶವನ್ನು ಕಟ್ಟುವವರು ನೂರಾರು ಜನ. ಅವರ ನಡುವಣ ಸಂವಹನ, ಹೊತ್ತಿನ ಒತ್ತಡ, ಬಳಸುವವರ ಬದಲಾಗುವ ಬಯಕೆ ಇವು ಗಣಿತದ ಸಾಧನೆಯಿಂದ ಬಗೆಹರಿಯುವ ಸಂಗತಿಗಳಲ್ಲ. ಓಎಸ್/360ರ ನೇತೃತ್ವ ವಹಿಸಿದ್ದ ಫ್ರೆಡ್ ಬ್ರೂಕ್ಸ್ ಅವರು 1975ರ ತಮ್ಮ ಪುಸ್ತಕದಲ್ಲಿ ಈ ಮಾನವೀಯ ಮುಖವನ್ನು ಚರ್ಚಿಸಿದರು. ಡೈಕ್‌ಸ್ಟ್ರಾ ಅವರಿಗೆ ಅದರಲ್ಲಿ ಆಸಕ್ತಿ ಕಡಿಮೆ. ಅವರ ಮಾತು ಕಟು. ಒಪ್ಪದವರನ್ನು ನೋಯಿಸಿದ್ದೂ ಉಂಟು. ಪ್ರತಿಯೊಂದು ಪ್ರೋಗ್ರಾಮನ್ನೂ ಗಣಿತದಂತೆ ಸಾಧಿಸಬೇಕೆಂಬ ಅವರ ಆದರ್ಶವನ್ನು ಉದ್ಯಮ ಬಹುಮಟ್ಟಿಗೆ ಸ್ವೀಕರಿಸಲಿಲ್ಲ. ಆದರೆ ಅಂತಸ್ತುಗಳಾಗಿ ಕಟ್ಟುವುದು, ಒಂದು ಹೊತ್ತಿಗೆ ಒಂದೇ ಚಿಂತೆಯನ್ನು ಎತ್ತಿಕೊಳ್ಳುವುದು, ಜಿಗಿತಗಳಿಲ್ಲದೆ ಓದುವಂತೆ ಬರೆಯುವುದು ಇವು ಇಂದು ಎಲ್ಲ ವಿಶ್ವವಿದ್ಯಾಲಯಗಳ ಮೊದಲ ಪಾಠಗಳಾಗಿವೆ. ಕಲಿಯುವವರಿಗೆ ಅವು ಒಬ್ಬರ ಹೋರಾಟದಿಂದ ಬಂದವೆಂಬ ನೆನಪೂ ಇಲ್ಲದಷ್ಟು ಸಹಜವಾಗಿವೆ.

ನಿವೃತ್ತಿಯ ಬಳಿಕ ಸ್ವದೇಶಕ್ಕೆ ಮರಳಿದ ಡೈಕ್‌ಸ್ಟ್ರಾ ಅವರು 2002ರ ಆಗಸ್ಟ್ 6ರಂದು ನ್ಯೂನೆನ್ನಿನ ಮನೆಯಲ್ಲಿ ಅರ್ಬುದ ರೋಗದಿಂದ ತೀರಿಕೊಂಡರು. ಆ ವರ್ಷದವರೆಗೂ ಅವರ ಕ್ರಮಸಂಖ್ಯೆಯ ಬರಹಗಳು ನಿಂತಿರಲಿಲ್ಲ. ಅವೆಲ್ಲವನ್ನೂ ಟೆಕ್ಸಸ್ ವಿಶ್ವವಿದ್ಯಾಲಯ ಸಂರಕ್ಷಿಸಿ, ಯಾರು ಬೇಕಾದರೂ ಓದುವಂತೆ ಒದಗಿಸಿದೆ.

ವಿದ್ಯಾರ್ಥಿಗಳು ಆ ಹಸ್ತಪ್ರತಿಗಳಲ್ಲಿ ಒಂದೆರಡನ್ನಾದರೂ ನೋಡಬೇಕು. ವಿಷಯ ಪೂರ್ಣವಾಗಿ ತಿಳಿಯದಿದ್ದರೂ ಚಿಂತೆಯಿಲ್ಲ. ಹೊಡೆದುಹಾಕಿದ ಸಾಲುಗಳು ಅವುಗಳಲ್ಲಿ ಬಹಳ ವಿರಳ. ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗುವವರೆಗೆ ಅವರು ಪೆನ್ನನ್ನು ಕಾಗದಕ್ಕೆ ತಾಗಿಸುತ್ತಿರಲಿಲ್ಲ. ಮುಂದಿನ ಸಲ ಪ್ರಬಂಧ ಬರೆಯಲು ಕುಳಿತಾಗ, ಹೇಳಬೇಕಾದುದನ್ನೆಲ್ಲ ಮೊದಲು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿಕೊಂಡು, ಅನಂತರ ಅದನ್ನು ಒಡೆಯುತ್ತ ಹೋಗುವ ಅವರ ಕ್ರಮವನ್ನು ನಮ್ಮ ವಿದ್ಯಾರ್ಥಿಗಳೂ ಪ್ರಯೋಗಿಸಿ ನೋಡಬಹುದು.